ಮನಸ್ಸು ಕರಗಿಸುವುದನ್ನು ಕಲಿಸಿದ್ದು

ಹೊಳೆನರಸೀಪುರದ ಕಾಲೇಜೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ಬಹಳ ವರ್ಷ ನನ್ನದೇ ಆಗಿತ್ತು. ಎದುರಿನವರನ್ನು ಒಪ್ಪಿಸಲು ಮೂರು ದಾರಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಮಾತಾಡುವವರ ಮೇಲೆ ನಂಬಿಕೆ ಹುಟ್ಟಬೇಕು, ಮಾತಿಗೆ ತರ್ಕವಿರಬೇಕು, ಕೇಳುವವರ ಮನಸ್ಸು ಕರಗಬೇಕು. ಬಹುಮಾನ ತರುವುದು ಮೂರನೆಯದು ಎಂಬುದನ್ನು ಮಾತ್ರ ಬರೆಯುತ್ತಿರಲಿಲ್ಲ, ಬಾಯಲ್ಲಿ ಹೇಳುತ್ತಿದ್ದೆ.

ಮೂರು ವರ್ಷದ ಹಿಂದೆ ಹಳ್ಳಿಮೈಸೂರು ಕಡೆಯ ಹುಡುಗಿಯೊಬ್ಬಳು ಚರ್ಚೆಯ ತಂಡಕ್ಕೆ ಸೇರಿಕೊಂಡಳು. ಓದು ಹೆಣ್ಣಿಗೆ ಅನಿವಾರ್ಯ ಎಂಬುದು ಆ ಸಲದ ವಿಷಯ. ವಾದವನ್ನೆಲ್ಲ ಚೆನ್ನಾಗಿ ಜೋಡಿಸಿಕೊಂಡಿದ್ದಳು, ಕೇಳಲು ಮಾತ್ರ ಸಪ್ಪೆ.

"ನಿಮ್ಮನೇಲಿ ನಡೆದದ್ದು ಏನಾದ್ರೂ ಇದ್ರೆ ಹೇಳು" ಎಂದೆ.

ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು: "ನಮ್ಮವ್ವಂಗೆ ಓದಾಕೆ ಬರಾಕಿಲ್ಲ ಸಾ. ಒಂದ್ ದಪ ಚನ್ರಾಯಪಟ್ಣದಾಗೆ ನಮ್ಮೂರ್ ಕಡೆ ಬಸ್ಸು ಅಂತ ಬೆಂಗ್ಳೂರ್ ಬಸ್ ಅತ್ಬುಟ್ಟಿತ್ತು. ಹಿರೀಸಾವೇಲಿ ಇಳ್ದು ಅಳ್ತಾ ಕುಂತಿತ್ತಂತೆ. ಯಾರ್ಗೂ ಏಳ್ಬ್ಯಾಡ ಅಂದದೆ."

ಕೊನೆಯ ಮಾತು ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಆದರೂ "ಇದೇ ನೋಡು ಬೇಕಾಗಿದ್ದು!" ಎಂದು ಮೇಜು ಕುಟ್ಟಿದೆ.

ಅರಕಲಗೂಡಿನಲ್ಲಿ ಎರಡನೇ ಬಹುಮಾನ ಬಂತು. ನನಗೆ ಸಾಲಲಿಲ್ಲ. ಹಾಸನದ ಸ್ಪರ್ಧೆಗೆ ಮುಂಚೆ ಅವಳನ್ನು ಕೂರಿಸಿಕೊಂಡು, "ಕಂಡಕ್ಟರ್ ಬೈದು, ತಳ್ಳಿ ಇಳಿಸಿದ ಅಂತ ಸೇರಿಸು" ಎಂದೆ.

"ತಳ್ಳಿದ್ನೋ ಇಲ್ವೋ ಗೊತ್ತಿಲ್ಲ ಸಾ."

"ಹಾಗೆ ಹೇಳಿದ್ರೇನೇ ಮನಸ್ಸು ಕರಗೋದು."

ಎಲ್ಲಿ ಉಸಿರು ಹಿಡಿಯಬೇಕು, ಯಾವ ಪದಕ್ಕೆ ಗಂಟಲು ಕಟ್ಟಬೇಕು ಎಂದು ತಿದ್ದಿದೆ. ಒಂದು ಹೆಂಗಸಿನ ಅವಮಾನವನ್ನು ಎಂಟು ಸಲ ಹೇಳಿಸಿ, ಎಂಟು ಸಲವೂ "ಇನ್ನೂ ಸ್ವಲ್ಪ" ಎಂದೆ. ಹಾಸನದಲ್ಲಿ ತೀರ್ಪುಗಾರರೊಬ್ಬರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ನಮಗೇ. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಖುಷಿಯಿಂದ ಎರಡು ಮಸಾಲೆದೋಸೆ ತಿಂದೆ.

ಕೊನೆಯ ಸುತ್ತು ಚನ್ನರಾಯಪಟ್ಟಣದಲ್ಲಿ. ಮಗಳಿಗೂ ಹೇಳದೆ ತಾಯಿ ಬಂದಿದ್ದರು. ಮಡಿಕೆ ಮುರಿಯದ ಸೀರೆಯುಟ್ಟು, ಪಕ್ಕದವರಿಗೆಲ್ಲ "ನನ್ನ ಮಗ್ಳು" ಎನ್ನುತ್ತ ಮೂರನೇ ಸಾಲಿನಲ್ಲಿ ಕೂತಿದ್ದರು. ವೇದಿಕೆ ಹತ್ತಿದ ಹುಡುಗಿ ತಾಯಿಯನ್ನು ಕಂಡಳು. ಆಮೇಲೆ ನನ್ನತ್ತ ನೋಡಿದಳು. ಅವಳು ಕೇಳುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ಮುಂದುವರಿಸು ಎಂದು ತಲೆಯಾಡಿಸಿದೆ.

ಅವಳು ಅಂದು ಎಂದಿಗಿಂತ ಚೆನ್ನಾಗಿ ಮಾತಾಡಿದಳು. ಸಭೆ ಚಪ್ಪಾಳೆ ತಟ್ಟಿತು. ತಾಯಿ ತಲೆ ಎತ್ತಲಿಲ್ಲ. "ನನ್ನ ಮಗಳು" ಎಂದು ಕೇಳಿಸಿಕೊಂಡಿದ್ದ ಪಕ್ಕದ ಹೆಂಗಸು ಅವರ ಬೆನ್ನು ಸವರುತ್ತಿದ್ದರು.

ಗೆದ್ದ ಫಲಕ ಹಿಡಿದು ನಾವು ಹೊರಗೆ ಬಂದಾಗ ತಾಯಿ ನನಗೆ ಕೈಮುಗಿದರು. ಮಗಳ ಕಡೆ ತಿರುಗಿ ಮೆಲ್ಲಗೆ, "ಕಂಡಕ್ಟ್ರು ನನ್ನ ತಳ್ಳಿಲ್ಲ ಕಣವ್ವಾ. ನೀರು ಕೊಟ್ಟು, ವಾಪಸ್ ಬಸ್ಸಿಗೆ ಅವ್ನೇ ಅತ್ಸಿದ. ಯಾವ ತಾಯಿ ಮಗನೋ. ಅವ್ನ ಮ್ಯಾಲ್ ಯಾಕ್ ಅಂಗಂದೆ?" ಎಂದು ಕೇಳಿದರು.

"ಅಂಗೇಳಿದ್ರೇನೇ ಮನ್ಸು ಕರಗಾದು ಕಣವ್ವ" ಎಂದಳು ಮಗಳು, ಫಲಕದ ಮೇಲಿನ ಅಕ್ಷರಗಳನ್ನು ಒರೆಸುತ್ತ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ತಪ್ಪು ನನ್ನದು ಎಂದು ಆಗಲೇ ಹೇಳಬಹುದಿತ್ತು. ನಾನು ಬಸ್ಸಿನ ಹೊತ್ತು ನೋಡುವವನಂತೆ ಗಡಿಯಾರ ನೋಡಿಕೊಂಡೆ.

ವಾರದ ನಂತರ ಪ್ರಾಂಶುಪಾಲರ ಬಳಿ ಹೋಗಿ, ಈ ಜವಾಬ್ದಾರಿ ಬೇರೆಯವರಿಗೆ ಕೊಡಿ ಎಂದೆ. ಗೆದ್ದು ಬಂದಿರುವಾಗ ಬಿಡುವುದೇಕೆ ಎಂದು ಅವರಿಗೆ ಆಶ್ಚರ್ಯ. ಬಿಪಿ ಜಾಸ್ತಿಯಾಗಿದೆ, ಡಾಕ್ಟರು ಓಡಾಟ ಬೇಡ ಅಂದಿದ್ದಾರೆ ಎಂದು, ದನಿ ಸ್ವಲ್ಪ ತಗ್ಗಿಸಿ ಹೇಳಿದೆ. ಡಾಕ್ಟರ ಬಳಿ ನಾನು ಹೋಗಿಯೇ ಇರಲಿಲ್ಲ. ಪ್ರಾಂಶುಪಾಲರು ಪಾಪ, ತಕ್ಷಣ ನಂಬಿದರು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, ಉಪ್ಪು ಕಡಿಮೆ ಮಾಡಿ ಎಂದರು.