ಪಾವಗಡದ ಡಿಸ್ಕು

ಅಣ್ಣನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು. ಹುಟ್ಟಿನಿಂದ ಬಂದದ್ದಲ್ಲ. ಕ್ಯಾಮೆರಾಗೆ ಬಲಗಣ್ಣು ಇಟ್ಟು ಎಡಗಣ್ಣು ಮುಚ್ಚಿ ಮುಚ್ಚಿ ಅದು ಹಾಗೇ ನಿಂತುಬಿಟ್ಟಿತ್ತು. ಉಣ್ಣುವಾಗಲೂ ಬಸ್ಸಿನಲ್ಲಿ ಕೂತಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಗೊತ್ತಿಲ್ಲದವರು ಕಣ್ಣು ಹೊಡೆದ ಅಂದುಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಿ ಗಂಡಿನ ಚಿಕ್ಕಪ್ಪ ಹೊಡೆಯಲಿಕ್ಕೇ ಬಂದಿದ್ದ.

ಅವನು ನನ್ನ ಒಡಹುಟ್ಟಿದ ಅಣ್ಣ ಅಲ್ಲ. ಶಿರಾದಲ್ಲಿ ಅವನದೊಂದು ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ವಿಡಿಯೋ ಮಾಡುತ್ತಿದ್ದ. ನಾನು ಹತ್ತನೇ ಕ್ಲಾಸು ಫೇಲಾಗಿ, ಗಾರೆ ಕೆಲಸ ಬಿಟ್ಟು, ಅವನ ಹತ್ತಿರ ಸೇರಿದೆ. ಎರಡನೇ ಕ್ಯಾಮೆರಾ ನನ್ನ ಕೈಗೆ ಕೊಟ್ಟ. ಅವತ್ತಿನಿಂದ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ.

ಶೂಟ್ ಮಾಡಿದ್ದನ್ನೆಲ್ಲಾ ಅವನು ಒಂದು ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಇಡುತ್ತಿದ್ದ. ಅದನ್ನು ಹತ್ತಿ ಟವೆಲಿನಲ್ಲಿ ಸುತ್ತಿ, ಸ್ಟೀಲ್ ಊಟದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತುತ್ತಿದ್ದ. ಬಸ್ಸು ಕುಲುಕಿದರೆ ಡಬ್ಬಿಯನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದ. ಪಕ್ಕದವರು ಏನು ಸಾರು ಅಂತ ಕೇಳಿದರೆ ಸುಮ್ಮನೆ ತಲೆ ಆಡಿಸುತ್ತಿದ್ದ. ಮಾತು ಕಮ್ಮಿ. ಫೋನಿನಲ್ಲೂ ಎರಡು ಮಾತಾಡಿ ಇಟ್ಟುಬಿಡುತ್ತಿದ್ದ. ಕ್ಯಾಮೆರಾ ಹಿಂದೆ ನಿಂತಾಗ ಮಾತ್ರ ಬಾಯಿ ಬರುತ್ತಿತ್ತು. ಮದುಮಗಳನ್ನು ನಗಿಸೋದು, ಮುದುಕರನ್ನು ಕೆಣಕೋದು, ಎಲ್ಲಾ ಅಲ್ಲೇ. ಎಡಿಟ್ ಮಾಡುವಾಗ ತನ್ನ ದನಿಯನ್ನೆಲ್ಲಾ ಕತ್ತರಿಸಿ ಅದರ ಮೇಲೆ ಹಾಡು ಹಾಕುತ್ತಿದ್ದ. ಸ್ವಂತ ಮಗಳ ನಾಮಕರಣದ ವಿಡಿಯೋದಲ್ಲೂ ಅಷ್ಟೇ.

ಸೇರಿದ ಹೊಸದರಲ್ಲಿ ಆ ಡಿಸ್ಕು ಕೊಟ್ಟು, ಮಧುಗಿರಿಯಲ್ಲಿ ಆಲ್ಬಮ್ ಮಾಡುವವನ ಹತ್ತಿರ ಕಳಿಸಿದ. ಅಣ್ಣನ ಲ್ಯಾಪ್‌ಟಾಪು ಮ್ಯಾಕು, ಅಲ್ಲಿದ್ದದ್ದು ವಿಂಡೋಸು. ಚುಚ್ಚಿದ ತಕ್ಷಣ ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಫಾರ್ಮ್ಯಾಟ್ ಮಾಡಲಾ ಅಂತ ಕೇಳ್ತೈತೆ, ಓಕೆ ಒತ್ತಲಾ ಅಂದ ಆಲ್ಬಮ್ಮಿನವನು. ನಾನು ಅಣ್ಣನಿಗೆ ಫೋನ್ ಮಾಡಿದೆ.

"ಬೇಡ ಅನ್ನು, ಒತ್ತಿದ್ರೆ ಎಲ್ಲಾ ಅಳಿಸೋಗ್ತೈತೆ," ಅಂದ. "ಒಳಗೆ ಎಲ್ಲಾ ಐತೆ. ಅದುಕ್ಕೆ ಓದಕ್ಕೆ ಬರಲ್ಲ, ಅದ್ಕೇ ಖಾಲಿ ಅಂತೈತೆ. ಕಿತ್ಕಂಡು ಬಾ."

ವಾಪಸ್ ಬಂದಾಗ ಡಬ್ಬಿ ಈಸಿಕೊಂಡು, ಟವೆಲು ಬಿಚ್ಚಿ, ಡಿಸ್ಕು ನೋಡುತ್ತಲೇ ಅಂದ: "ನಿಂಗೂ ಇಸ್ಕೂಲಲ್ಲಿ ಇಂಗೇ ಅಂದವ್ರೆ ಕಣ್ಲಾ." ಅಷ್ಟೇ. ಟೀ ತರಲು ಕಳಿಸಿದ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಅದಕ್ಕೆ ಮುಂಚೆ ಯಾರೂ ಆಡಿರಲಿಲ್ಲ.

ಆಮೇಲೆ ಕೈಯಿಂದ ಕೈಗೆ ಓಡಾಡಲಿಕ್ಕೆ ಅಂತ ಬೇರೆ ಡಿಸ್ಕು ತಂದ. ಅದನ್ನು ಎಕ್ಸ್‌ಫ್ಯಾಟ್ ಅನ್ನೋ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ. ಮ್ಯಾಕೂ ಓದುತ್ತೆ, ವಿಂಡೋಸೂ ಓದುತ್ತೆ. ಅತ್ತಿಗೆ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನವಳು. ಅವರ ಮನೆಯಲ್ಲಿ ಒಂದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಹಾಗಾಗಿ ಅಣ್ಣ ಅದಕ್ಕೆ ಪಾವಗಡದ ಡಿಸ್ಕು ಅಂತ ಹೆಸರಿಟ್ಟ. ಮ್ಯಾಕಿನದು ಮನೆ ಡಿಸ್ಕು. ಎಲ್ಲವನ್ನೂ ಪಾವಗಡದ್ದರಲ್ಲೇ ಇಡಬಹುದಲ್ಲ ಅಂತ ಕೇಳಿದ್ದಕ್ಕೆ, ಅದು ಬೇಗ ಕೆಡುತ್ತೆ, ಪಟ್ಟನೆ ಕಿತ್ತರೆ ಒಳಗಿನದು ಹಾಳಾಗುತ್ತೆ ಅಂದ. ಒಳಗಿಂದ ಅತ್ತಿಗೆ ಕೇಳಿಸಿಕೊಂಡು, "ಏಮಯ್ಯಾ, ಎರಡೂ ಮಾತಾಡೋರು ಬೇಗ ಕೆಡ್ತಾರಾ?" ಅಂದಳು. ಅಣ್ಣ ಚಿಕ್ಕ ಕಣ್ಣು ಪೂರ್ತಿ ಮುಚ್ಚಿಕೊಂಡು ನಕ್ಕ.

ಬರಗೂರಿನಲ್ಲಿ ಒಂದು ಮದುವೆ ಮಾಡಿದೆವು. ಕುರಿ ಕಾಯುವವರ ಮನೆ. ಹೆಣ್ಣಿನ ಅಜ್ಜಿ ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿತ್ತು. ಅಣ್ಣ ಮಂಟಪ ಬಿಟ್ಟು ಅದರ ಹಿಂದೆಯೇ ಬಿದ್ದ. ವಿಡಿಯೋ ಕೊಟ್ಟ ಸ್ವಲ್ಪ ದಿನಕ್ಕೇ ಅಜ್ಜಿ ಸತ್ತುಹೋಯಿತು. ಅಜ್ಜಿ ಇರೋದೆಲ್ಲಾ ಬೇಕು, ಕತ್ತರಿಸದೆ ಕೊಡಿ ಅಂತ ಮನೆಯವರು ಸ್ಟುಡಿಯೋಗೆ ಬಂದರು. ಅಣ್ಣ ಎಲ್ಲವನ್ನೂ ದನಿ ಸಮೇತ ಪಾವಗಡದ ಡಿಸ್ಕಿಗೆ ಹಾಕಿ, ಡಿಸ್ಕನ್ನೇ ಕೊಟ್ಟು ಕಳಿಸಿದ. ಪೆನ್‌ಡ್ರೈವ್ ಸಾಲಲ್ಲ, ಅವರ ಮನೆಯಲ್ಲಿ ಯಾವ ಮಿಷನ್ ಇದೆಯೋ ಏನೋ, ಇದಾದರೆ ಯಾವುದರಲ್ಲೂ ತೆಗೆಯುತ್ತೆ ಅಂದ. ನಾವು ಹೊಸದು ತಂದುಕೊಂಡೆವು, ಅದರಲ್ಲಿ ಹಾಡು ಹಾಕಿ ಮುಗಿಸಿದ ವಿಡಿಯೋ ಮಾತ್ರ ಓಡಾಡುತ್ತಿತ್ತು.

ಹೋದ ವರ್ಷ ಪಾವಗಡದ ಕಡೆ ಒಂದು ಮದುವೆ ಮುಗಿಸಿ ಬೈಕಿನಲ್ಲಿ ಬರುವಾಗ ಅವನಿಗೆ ಲಾರಿ ಗುದ್ದಿತು. ನಾನು ಲೈಟು ಸಾಮಾನಿನ ಜೊತೆ ಟೆಂಪೋದಲ್ಲಿ ಹಿಂದೆ ಬರುತ್ತಿದ್ದೆ. ನಾನು ಹೋಗುವಷ್ಟರಲ್ಲಿ ಉಸಿರಿರಲಿಲ್ಲ. ಫೋನು ಪುಡಿ, ಎರಡೂ ಕ್ಯಾಮೆರಾ ಕಾರ್ಡಿನ ಸಮೇತ ಪುಡಿ. ಡಬ್ಬಿ ಸೊಟ್ಟಗಾಗಿತ್ತು. ಟವೆಲಿನೊಳಗೆ ಮನೆ ಡಿಸ್ಕಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಊರಿಗೆಲ್ಲಾ ಫೋಟೋ ತೆಗೆದವನದು ಒಂದು ನೆಟ್ಟಗಿನ ಫೋಟೋ ಇಲ್ಲ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಮಗಳಿಗೆ ಎರಡು ವರ್ಷ. ಅತ್ತಿಗೆಗೆ ಫೋಟೋ ಬೇಕಿರಲಿಲ್ಲ. ಮಗು ಅಪ್ಪನ ದನಿ ಮರೆಯುತ್ತೆ, ಒಂದು ಮಾತಾದರೂ ಹುಡುಕಿಕೊಡಿ ಅಂತ ಕಂಡವರನ್ನೆಲ್ಲಾ ಕೇಳಿದಳು.

ಅದಕ್ಕೇ ಅವಳ ತಮ್ಮ, ನಮ್ಮನ್ನು ಕೇಳದೆ, ಮನೆ ಡಿಸ್ಕನ್ನು ಊರಿಗೆ ಒಯ್ದು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಓದಿದವನು, ಸೋಲಾರ್ ಪಾರ್ಕಿನಲ್ಲಿ ಕೆಲಸ. ಲ್ಯಾಪ್‌ಟಾಪು ಫಾರ್ಮ್ಯಾಟ್ ಮಾಡಲಾ ಅಂತ ಕೇಳಿತು. ಹೂಂ ಅಂದರೆ ತೆರೆದುಕೊಳ್ಳುತ್ತೆ ಅಂದುಕೊಂಡು ಹೂಂ ಅಂದ. ಖಾಲಿ ಬಂತು. ಗಾಬರಿಯಾಗಿ ಏನೇನೋ ಸಾಫ್ಟ್‌ವೇರ್ ಅದರ ಮೇಲೇ ಹಾಕಿದ. ಅಳಿಸಿದ್ದನ್ನು ವಾಪಸ್ ತೆಗೆದುಕೊಡುವವರ ಹತ್ತಿರ, ತುಮಕೂರಿಗೆ, ನಾನೇ ತಗೊಂಡು ಹೋದೆ. ಚೂರುಪಾರು ಬಂತು. ಯಾವುದಕ್ಕೂ ದನಿ ಇರಲಿಲ್ಲ.

ತಮ್ಮ ಅಕ್ಕನ ಕಾಲ ಹತ್ತಿರ ಕೂತು ಅತ್ತ. ಅವಳು ಅವನ ತಲೆ ಮೇಲೆ ಕೈ ಇಟ್ಟಳು. ಬೈಯಲಿಲ್ಲ. ಅದು ನೋಡಲಾಗಲಿಲ್ಲ, ನಾನು ಎದ್ದು ಹೊರಗೆ ಬಂದುಬಿಟ್ಟೆ. ಜಗಲಿ ಮೇಲೆ ಕೂತಾಗ ಬರಗೂರಿನ ಅಜ್ಜಿ ನೆನಪಾಯಿತು.

ಮಾರನೆ ದಿನ ಬೆಳಗ್ಗೆಯ ಬಸ್ಸಿಗೇ ಹೋದೆ. ಡಿಸ್ಕು ದೇವರ ಗೂಡಿನಲ್ಲಿತ್ತು, ಅಜ್ಜಿಯ ಎಲೆಅಡಿಕೆ ಚೀಲದ ಪಕ್ಕ. ಮೇಲೆ ಕುಂಕುಮ ಇಟ್ಟಿದ್ದರು. ವಿಷಯ ಹೇಳಿದೆ. ಮನೆಯಾಕೆ ಕೈ ಮುಗಿದು ಅದನ್ನು ತೆಗೆದು, "ತಗಂಡೋಗಪ್ಪ. ನಮ್ ಅಜ್ಜಿ ಜೊತೆಗೆ ಅವ್ನೂ ಇಲ್ಲೇ ಅವ್ನೆ" ಅಂದಳು. ಹೊರಡುವಾಗ ಊಟದ ಡಬ್ಬಿ ಕೇಳಿ ಈಸಿಕೊಂಡೆ. ಟವೆಲು ನನ್ನದೇ ಇತ್ತು.

ಸ್ಟುಡಿಯೋದ ಹಳೇ ವಿಂಡೋಸಿಗೆ ಚುಚ್ಚಿದೆ. ಏನೂ ಕೇಳಲಿಲ್ಲ. ತೆರೆಯಿತು.

ಅತ್ತಿಗೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಸೆರಗು ಮುಖಕ್ಕೆ ಒತ್ತಿಕೊಂಡು ಕೂತಿದ್ದಳು. ನೋಡಲಿಕ್ಕೆ ಧೈರ್ಯ ಇರಲಿಲ್ಲ. ಪರದೆ ಮೇಲೆ ಅಜ್ಜಿಯೂ ಸೆರಗು ಎಳೆದುಕೊಂಡಿತ್ತು. ಓಲಗದ ಸದ್ದು. ಆಮೇಲೆ ಹತ್ತಿರದಿಂದ, ನಗುತ್ತಾ, ಅಣ್ಣ:

"ಮಕ ಮುಚ್ಕಂಡ್ರೆ ಆಮೇಕೆ ನಾವು ಏನ್ ನೋಡವಾ? ತೆಗಿ ಸೆರಗ. ಇತ್ಲಾಗ್ ನೋಡು ಒಂದ್ ಸತಿ."

ಅತ್ತಿಗೆ ಸೆರಗು ತೆಗೆದಳು. ಪರದೆ ನೋಡಲಿಲ್ಲ. ದನಿ ಬಂದ ಸ್ಪೀಕರಿನ ಕಡೆ ನೋಡಿದಳು.

ಅಜ್ಜಿ ಬೈಯುತ್ತಾ ಎದ್ದು ಹೋಯಿತು, ತುಣುಕು ಮುಗಿಯಿತು. ಅತ್ತಿಗೆ ಹಾಗೇ ನೋಡುತ್ತಿದ್ದಳು. "ಮಳ್ಳೀ ಹಾಕಪ್ಪಾ," ಅಂದಳು. ಮತ್ತೆ ಹಾಕಿದೆ. ಅದು ಮುಗಿಯುವ ಮುಂಚೆಯೇ ಅವಳ ಕೈ ಸೆರಗಿಗೆ ಹೋಯಿತು. ಮುಖ ಮುಚ್ಚಿಕೊಂಡಳು, ಅವನು ಇನ್ನೊಂದು ಸಲ ತೆಗಿ ಅನ್ನಲಿ ಅಂತ.