ಮೇಲಿನಿಂದ ನೋಡಿದರೆ ಕಾಡು

ನಮ್ಮ ಮನೆಯ ಅಂಗಳದಲ್ಲಿ ಬಿಸಿಲು ಒಂದು ಕಡೆ ನಿಲ್ಲುವುದಿಲ್ಲ. ಅತ್ತಿಮರದ ಕೊಂಬೆಗಳ ಸಂದಿಯಿಂದ ಬೆಳಗ್ಗೆ ಕೊಟ್ಟಿಗೆಯ ಹತ್ತಿರ ಇಳಿದು, ಮಧ್ಯಾಹ್ನ ತುಳಸಿಕಟ್ಟೆ ದಾಟಿ, ಸಂಜೆಯ ಹೊತ್ತಿಗೆ ಬಚ್ಚಲಿನ ಗೋಡೆ ಹತ್ತಿ ಹೋಗಿಬಿಡುತ್ತದೆ. ಕಾಫಿ ಕುಯ್ಲಿನ ದಿನಗಳಲ್ಲಿ ನಮ್ಮವ್ವ ಹಣ್ಣು ಹರವಿದ ನೀಲಿ ಟಾರ್ಪಾಲನ್ನು, ಹಟಮಾರಿ ಕರುವನ್ನು ಎಳೆಯುವಂತೆ, ಆ ಬಿಸಿಲಿನ ಹಿಂದೆ ಎಳೆದುಕೊಂಡು ತಿರುಗುತ್ತಾಳೆ. ಮರವೊಂದು ಹೋದರೆ ಈ ತಿರುಗಾಟ ತಪ್ಪುತ್ತದೆಂದು ಎಷ್ಟೋ ಜನ ಹೇಳಿದ್ದಾರೆ. ಆದರೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ನೆರಳಿಗೆ ಕಾಫಿ ಒಗ್ಗಿದೆ, ಎಳೆದಾಟಕ್ಕೆ ಅವ್ವ ಒಗ್ಗಿದ್ದಾಳೆ.

ಇಂಥ ಎರಡು ಎಕರೆಯ ಒಡತಿ ಇದ್ದಕ್ಕಿದ್ದಂತೆ ಅರಣ್ಯದ ಪಾಲಾದ ಕಥೆ ಕೇಳಿ.

ಬಿಸಿಲೆ ಘಾಟಿಯ ಕಡೆಯ ನಮ್ಮ ಬೆಟ್ಟಸಾಲನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂದು ದೂರದ ಪಟ್ಟಣದಲ್ಲಿ ಯಾರಿಗೋ ಹೊಳೆಯಿತು. ಹೊಳೆದದ್ದು ಒಳ್ಳೆಯದೇ, ಆ ಕಾಡು ಉಳಿಯಬೇಕೆನ್ನುವುದರಲ್ಲಿ ನಮಗೂ ಎರಡು ಮಾತಿಲ್ಲ, ನಮ್ಮ ಹಳ್ಳಕ್ಕೆ ನೀರು ಬರುವುದೇ ಅಲ್ಲಿಂದ. ಎಲ್ಲೆ ಗುರುತಿಸುವ ತಂಡ ಮಳೆಗಾಲದಲ್ಲೇ ಬಂತು. ಜಿಗಣೆಗಳು ಯಾರ ಹುದ್ದೆಯನ್ನೂ ವಿಚಾರಿಸದೆ ಎಲ್ಲರನ್ನೂ ಸಮನಾಗಿ ಸತ್ಕರಿಸಿದ್ದರಿಂದ, ತಂಡ ನಮ್ಮ ಜಗಲಿಯಲ್ಲಿ ಕೂತು, ಕಾಲಿಗೆ ಸುಣ್ಣ ಹಚ್ಚಿಕೊಂಡು, ಅವ್ವ ಕೊಟ್ಟ ಬೆಲ್ಲದ ಕಾಫಿ ಕುಡಿದು, ಉಳಿದ ಕೆಲಸವನ್ನು ಆಕಾಶದಿಂದ ತೆಗೆದ ಚಿತ್ರಗಳಿಗೆ ವಹಿಸಿ ಹೊರಟುಹೋಯಿತು. ಆಕಾಶಕ್ಕೆ ಜಿಗಣೆ ಹತ್ತುವುದಿಲ್ಲವಲ್ಲ!

ಆಕಾಶದ ಕಣ್ಣಿಗೆ ಹಸಿರೆಲ್ಲ ಕಾಡು. ಪಂಚಾಯಿತಿಯ ಗೋಡೆಗೆ ನಕ್ಷೆ ಅಂಟಿಸಿದಾಗ ಓದಿ ಹೇಳಲು ನನ್ನನ್ನೇ ಕರೆದರು. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಸಕಲೇಶಪುರದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ, ರಜೆಯಲ್ಲಿ ಎಸ್ಟೇಟಿನ ಸ್ಟೋರಿನಲ್ಲಿ ಚೀಲ ಹೊತ್ತು ಗಳಿಸಿದ್ದು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಷ್ಟು ಓದಿದವನು ಊರಿನ ಮುಂದೆ ಓದಿ ಹೇಳಿದ್ದೇನೆಂದರೆ, ತಂಡ ಕಾಫಿ ಕುಡಿದ ನಮ್ಮ ಜಗಲಿ ನಿರ್ಜನ ಅರಣ್ಯ ಎಂಬುದು! ಗುಡ್ಡ ಬೋಳಿಸಿ ಶುಂಠಿ ಹಾಕಿದ್ದ ಪಕ್ಕದ ಶಿವಣ್ಣನ ಜಮೀನು ಮಾತ್ರ ಎಲ್ಲೆಯ ಹೊರಗೆ, ಊರೆಂಬ ಗೌರವದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

"ನಿಮ್ಮವ್ವ ಕಾಡುಪ್ರಾಣಿ ಆಗ್ಬುಟ್ಲಲ್ಲೋ ಮಾರಾಯ! ಇನ್ ಮ್ಯಾಲೆ ಮಾತಾಡ್ಸಕ್ಕೂ ಪರ್ಮಿಶನ್ ತಗಬೇಕು ಕಣೋ," ಎಂದು ಶಿವಣ್ಣ ನಕ್ಕ.

ನಗು ಮುಗಿದ ಮೇಲೆ ಭಯ ಉಳಿಯಿತು. ಎಲ್ಲೆಯೊಳಗೆ ಸಿಕ್ಕರೆ ಮೆಣಸು ಕೊಯ್ಯಲೂ ಯಾರನ್ನೋ ಕೇಳಬೇಕಾದೀತು, ಕೊನೆಗೆ ಜಾಗವನ್ನೇ ಬಿಡಬೇಕಾದೀತು ಎಂಬ ಮಾತು ಹಬ್ಬಿತು. ಅಪ್ಪನೂ ಅವ್ವನೂ ಒಂದೊಂದೇ ಗಿಡ ನೆಟ್ಟು ಮಾಡಿದ ತೋಟ ಅದು. ಅವ್ವನೂ ನಾನೂ ಅರಣ್ಯ ಇಲಾಖೆಯ ಕಚೇರಿಗೆ ಹೋದೆವು. ಅಧಿಕಾರಿ ಪಾಪ ಸಜ್ಜನರು. "ಚಿತ್ರದಲ್ಲಿ ಮನುಷ್ಯರ ಗುರುತೇ ಕಾಣ್ತಿಲ್ಲಮ್ಮ. ಆಕ್ಷೇಪಣೆ ಕೊಡಿ. ಇನ್ನೊಂದು ಸಲ ಚಿತ್ರ ತೆಗೀತಾರೆ, ನೋಡೋಣ," ಎಂದರು.

ಮನುಷ್ಯರ ಗುರುತೆಂದರೆ ಯಾವುದಪ್ಪ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಶಿವಣ್ಣನಿಗೆ ಆ ಕಷ್ಟವಿರಲಿಲ್ಲ. ಮರ ಕೊಯ್ಯುವ ಮಿಷನ್ ಹಿಡಿದೇ ಅಂಗಳಕ್ಕೆ ಬಂದ.

"ಅಕ್ಕ, ಈ ಅತ್ತಿಮರ ಒಂದ್ ಉರುಳಿಸ್ಬುಡಾಣ. ಮ್ಯಾಲಿಂದ ಮನೆ ಕಾಣ್ತೈತೆ, ನೀನೂ ಮನ್ಷರ ಪೈಕಿ ಆಯ್ತೀಯ."

ಒಂದು ಮರ ಹೋಗಿ ತೋಟ ಉಳಿದರೆ ನಷ್ಟವೇನು ಎಂದು ನನ್ನ ಓದೂ ಪಿಸುಗುಟ್ಟುತ್ತಿತ್ತು.

ಅವ್ವ ಮಿಷನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಕಡ್ದೋರು ಮನ್ಷರು, ಸಾಕ್ದೋರು ಪ್ರಾಣಿ ಅನ್ನಂಗಿದ್ರೆ ನಾನು ಪ್ರಾಣಿನೇ ಆಗಿರ್ತೀನಿ ಬುಡು ಶಿವಣ್ಣ. ಕಾಫಿ ಕುಡ್ಕಂಡು ಹೋಗು, ಕೂತ್ಕ. ನಿನ್ ಜಮೀನಾಗೆ ಕೂರಕ್ಕೆ ನೆರಳೂ ಇಲ್ಲ."

ಶಿವಣ್ಣ ಆ ಮರದ ಬುಡದಲ್ಲೇ ಕೂತು ಕುಡಿದ.

ನಾನು ಪದವಿಗೆ ತಕ್ಕ ಭಾಷೆಯಲ್ಲಿ ಆಕ್ಷೇಪಣೆ ಬರೆದು ಕೊಟ್ಟು ಬಂದೆ. ಉತ್ತರ ಇನ್ನೂ ಬಂದಿಲ್ಲ. ಮರುವರ್ಷ ಆಷಾಢದ ಒಂದು ಬೆಳಗ್ಗೆ ಮಳೆ ಬಿಡುವು ಕೊಟ್ಟಾಗ ನೋಡುತ್ತೇನೆ, ಅವ್ವ ಅಟ್ಟದಿಂದ ನೀಲಿ ಟಾರ್ಪಾಲು ಇಳಿಸಿ ಕೊಟ್ಟಿಗೆಯ ಹತ್ತಿರ ಹಾಸಿದ್ದಾಳೆ. ಒಣಗಿಸಲು ಒಂದು ಕಾಳೂ ಇಲ್ಲ.

"ಇದೇನವ್ವ?"

"ಅವ್ರು ಮ್ಯಾಲಿಂದ ಯಾವ್ ಹೊತ್ನಾಗೆ ನೋಡ್ತಾರೋ ಏನೋ. ಯಾರೋ ಅವ್ರೆ ಅಂತ ಕಾಣ್ಲಿ."

ಬಿಸಿಲು ತುಳಸಿಕಟ್ಟೆಯ ಕಡೆ ಸರಿಯಿತು. ಅವ್ವ ಬರಿಯ ಟಾರ್ಪಾಲನ್ನು ಅದರ ಹಿಂದೆ ಎಳೆಯತೊಡಗಿದಳು. ನಾನು ಇನ್ನೊಂದು ತುದಿ ಹಿಡಿದೆ.