ಕಾರ್ಡ್ ಮಾಸ್ತರರ ಕಂಪನಿ

ಬಹಳ ದಿನ ಮುಟ್ಟದೆ ಇಟ್ಟಿದ್ದ ಚಿತ್ರಕಥೆ ಪುಸ್ತಕವೊಂದನ್ನು ಜಾಡಿಸಿದಾಗ, ಸಾಲು ತೂತುಗಳ ದಪ್ಪ ರಟ್ಟಿನ ಪಟ್ಟಿ ಕೆಳಗೆ ಬಿತ್ತು. ಸೀರೆಯ ಅಂಚಿನಲ್ಲಿ ಹೂವು ಮೂಡಿಸಲು ಮಗ್ಗಕ್ಕೆ ಕಟ್ಟುವ ಕಾರ್ಡು. ಓದು ನಿಂತ ಪುಟದಲ್ಲಿ ಇದನ್ನು ಇಡುವವರು ಬನಹಟ್ಟಿಯಲ್ಲಿ ಒಬ್ಬರೇ ಇದ್ದರು. ಕಾರ್ಡಿಗೆ ತೂತು ಹೊಡೆಯುವುದೇ ಅವರ ಕಸುಬು. ಓಣಿಗೆಲ್ಲ ಅವರು ಕಾರ್ಡ್ ಮಾಸ್ತರ.

ಅವರ ಪಕ್ಕದಲ್ಲೇ ನನ್ನ ಫ್ಲೆಕ್ಸ್ ಅಂಗಡಿ. ಸೂಪರ್‌ಹೀರೋ ಪುಸ್ತಕ ಹೊರಡಿಸುವ ಎರಡು ದೊಡ್ಡ ಕಂಪನಿಗಳಲ್ಲಿ ಅವರು ಒಂದರ ಕಡೆ, ನಾನು ಇನ್ನೊಂದರ ಕಡೆ. ಆ ಕಂಪನಿಗಳಿಗೆ ಬನಹಟ್ಟಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಕ್ಕಿಲ್ಲ. ನಾವು ಮಾತ್ರ ಬದುವಿಗೆ ಬಡಿದಾಡುವ ದಾಯಾದಿಗಳ ಹಾಗೆ ದಿನಾ ಜಗಳಾಡುತ್ತಿದ್ದೆವು.

"ನಿಮ್ಮ ಹೀರೋನ ಬೆನ್ನಿನ ಅರಿವಿಗೆ ಅಂಚೂ ಇಲ್ಲ, ಸೆರಗೂ ಇಲ್ಲ. ನಮ್ಮ ಹೀರೋನ ಕೆಂಪ ನೋಡಲೇ, ಹೆಂಗ ಎದ್ದ ಕಾಣತೈತಿ!" ಎಂದು ಮಾಸ್ತರ ಕಿಚಾಯಿಸುತ್ತಿದ್ದರು. ಅಂಥ ಗೆಳೆಯ ನನಗೆ ಮತ್ತೆ ಸಿಗಲಿಲ್ಲ...

ಅವರ ಕಂಪನಿಯ ಸಿನಿಮಾ ಜಮಖಂಡಿಗೆ ಬಂದಾಗ ಕೂಡಿಯೇ ಹೋದೆವು. ಕೊನೆಗೆ ಹೀರೋ ಸತ್ತ. ಮಾಸ್ತರ ಕರ್ಚೀಫು ಹಿಡಿದು ಅತ್ತರು. ನನಗೆ ಎಲ್ಲಿಲ್ಲದ ಖುಷಿ. ಮರುದಿನ ಅಂಗಡಿಯಲ್ಲಿ ಕುಳಿತು ಆ ಹೀರೋನ ಮೈಗೆ ಮಾಸ್ತರರ ಮುಖ ಅಂಟಿಸಿದೆ. ದಿನಾ ಬ್ಯಾನರಿಗೆ ಬಳಸುವ ಹಾರ, ದೀಪ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಲ್ಲ ಕಂಪ್ಯೂಟರಿನಲ್ಲಿ ಸಿದ್ಧವೇ ಇತ್ತು. ಅವನ್ನೂ ಸೇರಿಸಿ ಸಿನಿಮಾ ಹುಚ್ಚರ ವಾಟ್ಸಾಪ್ ಗುಂಪಿಗೆ ಬಿಟ್ಟೆ.

ಅದು ಒಬ್ಬರಿಂದೊಬ್ಬರಿಗೆ ಹೋಗಿ ಬೀಳಗಿ ಮುಟ್ಟಿತು. ಅಲ್ಲಿದ್ದ ಮಾಸ್ತರರ ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ತಮ್ಮನ ಮುಖ, ಸುತ್ತ ಹಾರ. ಹೀರೋನ ಕೆಂಪು ಬಟ್ಟೆಯನ್ನು ಹೆಣಕ್ಕೆ ಹೊದಿಸಿದ ಶಾಲು ಅಂದುಕೊಂಡರು. ಸಂಜೆ ಎದೆ ಬಡಿದುಕೊಳ್ಳುತ್ತ ಓಣಿಗೆ ಬಂದರೆ, ತಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾನೆ! ಅಲ್ಲೇ ಕುಸಿದರು. ಓಣಿ ನಕ್ಕಿತು, ಮಾಸ್ತರ ನಗಲಿಲ್ಲ. ಫೋಟೋ ಮಾಡಿದವರು ಯಾರೆಂದು ಅಕ್ಕನಿಗೆ ಹೇಳಲೂ ಇಲ್ಲ. ಓದಲು ಒಯ್ದಿದ್ದ ನನ್ನ ಪುಸ್ತಕಗಳನ್ನೆಲ್ಲ ತಂದಿಟ್ಟು, "ಆತು ಬಿಡಪಾ" ಎಂದರು. ಅಷ್ಟೇ.

ಮುಂದೆ ನನ್ನ ಕಂಪನಿಯ ಸಿನಿಮಾ ನೆಲಕಚ್ಚಿತು. ಇವತ್ತಾದರೂ ಮಾಸ್ತರ ಬಂದು ಕಿಚಾಯಿಸುತ್ತಾರೆ ಎಂದು ಬಾಗಿಲು ನೋಡುತ್ತ ಕುಳಿತಿದ್ದೆ. ಬರಲಿಲ್ಲ.

ಹೋದ ವರ್ಷ ಎದೆನೋವು ಬಂದು ಮಾಸ್ತರ ನಿಜವಾಗಿಯೇ ಹೋದರು. ಬ್ಯಾನರು ಮಾಡಿದವನು ನಾನೇ. ಅದೇ ಹಾರ, ಅದೇ ದೀಪ. ಬೀಳಗಿಯಲ್ಲಿ ಫೋನಿನಲ್ಲಿ ಅದನ್ನು ತೋರಿಸಿದವರಿಗೆ ಅಕ್ಕ, "ಈ ಚ್ಯಾಷ್ಟಿ ಮೊದಲೂ ನೋಡೇನಿ, ನಡೀರಿ" ಎಂದು ಕಬ್ಬಿನ ಹೊಲಕ್ಕೆ ಹೋಗಿಬಿಟ್ಟರಂತೆ. ಓಣಿಯವರು ಖುದ್ದಾಗಿ ಹೋಗಿ ಕರೆತರುವಷ್ಟರಲ್ಲಿ, ಕಾದು ಕಾದು ಮಣ್ಣು ಮಾಡಿಯಾಗಿತ್ತು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕರು.

"ಆ ಮೊದಲಿನ ಫೋಟೋ ಯಾರ ಮಾಡಿದ್ರೋ ಯಪ್ಪಾ... ಕಡೀಕ ನನ್ನ ತಮ್ಮನ ಮಾರಿ ನೋಡಗೊಡಲಿಲ್ಲ. ನಿನಗ ಗೊತ್ತೈತೇನು?"

"ಇಲ್ಲರೀ" ಎಂದೆ.

"ಇರಲಿ ಬಿಡು. ನೀ ಮಾಡಿದ ಬ್ಯಾನರ ಛಲೋ ಐತಿ, ಮನ್ಯಾಗ ಹಾಕೇನಿ" ಎಂದು ನನ್ನ ತಲೆ ಸವರಿದರು.